ಬೀಗರಿಗಿಂತ ಮುಂಚೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಇಂದಿರಾನಗರದ ಒಂದು ಔಷಧಿ ವಿತರಣೆ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಇದನ್ನು ಕೇಳದವರಿಗೂ ಹೇಳುತ್ತಿದ್ದೆ. ಅಪ್ಪ ಹಲಸೂರಿನಲ್ಲಿ ವಾಲಗ ಊದುತ್ತಿದ್ದರು ಎಂಬುದನ್ನು ಕೇಳಿದವರಿಗೂ ಹೇಳುತ್ತಿರಲಿಲ್ಲ.

ಕಂಪನಿಯ ವ್ಯವಹಾರವೆಲ್ಲ ಒಂದೇ ಸರ್ವರಿನಲ್ಲಿತ್ತು. ಬೆಳಿಗ್ಗೆ ಎಲ್ಲರೂ ಒಟ್ಟಿಗೇ ಅದರ ಮೇಲೆ ಬೀಳುತ್ತಿದ್ದರು. ಯಾರ ಕ್ವೆರಿ, ಅಂದರೆ ಸರ್ವರಿಗೆ ಯಾರು ಕೇಳಿದ ಮಾಹಿತಿ, ಮೊದಲು ಓಡಬೇಕೆಂದು ರೋಲ್ ಪ್ರಕಾರ ಗೊತ್ತುಮಾಡಿ ಎಂದರು ಮ್ಯಾನೇಜರ್. ರೋಲ್ ಎಂದರೆ ಅವರ ಲೆಕ್ಕದಲ್ಲಿ ಹುದ್ದೆ. ಡೈರೆಕ್ಟರುಗಳಿಗೆ ಮೊದಲ ಸ್ಥಾನ, ಮ್ಯಾನೇಜರುಗಳಿಗೆ ಎರಡನೆಯದು, ಹೀಗೆ ಇಳಿಯುತ್ತ ಬಂದು ಕೆ.ಆರ್. ಪುರದ ಗೋಡೌನಿಗೆ ಕೊನೆಯದು ಕೊಟ್ಟೆ.

ಗೋಡೌನಿನಲ್ಲಿ ಲೋಡಿಂಗ್ ಲಿಸ್ಟ್ ತೆಗೆಯುತ್ತಿದ್ದವಳು ರಾಯಚೂರು ಕಡೆಯ ಹೆಣ್ಣುಮಗಳು. ಲಿಸ್ಟ್ ಬಾರದೆ ಲಾರಿ ತುಂಬುವಂತಿಲ್ಲ. ಹೊತ್ತು ಮೀರಿದರೆ ಪೊಲೀಸರು ಲಾರಿಯನ್ನು ಊರೊಳಗೆ ಬಿಡುವುದಿಲ್ಲ. ಲಾರಿ ನಿಂತದ್ದಕ್ಕೆ ಅವಳಿಗೆ ಆಗಲೇ ಒಂದು ಮೆಮೊ ಬಂದಿತ್ತು. ಇನ್ನೊಂದು ಬಂದರೆ ಕೆಲಸ ಹೋದಂತೆಯೇ.

"ಸರ, ಲಿಸ್ಟ್ ಇನ್ನಾ ಬಂದಿಲ್ರೀ," ಎಂದು ಫೋನ್ ಮಾಡಿದಳು. "ಡ್ರೈವರ್‌ಗಳು ನನ್ನ ಮಾರಿ ನೋಡ್ಕೋತ ಕುಂತಾರ. ನಾ ಏನ್ ಗುಡಿಯಾಗಿನ ದೇವರೇನ್ರೀ?"

ನೋಡಿದರೆ, ಮ್ಯಾನೇಜರ್ ಎಲ್ಲ ಬ್ರಾಂಚುಗಳ ಹಳೆಯ ಮಾರಾಟದ ಲೆಕ್ಕವನ್ನೆಲ್ಲ ಸರ್ವರಿಗೆ ಕೇಳಿಟ್ಟು ಕಾಫಿಗೆ ಹೋಗಿದ್ದರು; ಅವಳ ಲಿಸ್ಟ್ ಅದರ ಹಿಂದೆ ನಿಂತಿತ್ತು. ಬಂದ ಮೇಲೆ ಅವರ ಕೋಣೆಗೆ ಹೋದೆ.

"ಸರ್, ಗೋಡೌನ್‌ಗೆ ಫಸ್ಟ್ ಕೊಡ್ತೀನಿ. ಅವರ್ದು ಒಂದು ನಿಮಿಷದ ಕೆಲಸ."

"ಅಂದ್ರೆ ಗೋಡೌನ್ ಕ್ಲರ್ಕು ನನ್ಗಿಂತ ಮೇಲೆ ಅಂತಾನಾ?"

"ಮೇಲೆ ಅಲ್ಲ ಸರ್. ಮುಂಚೆ."

"ಎರಡಕ್ಕೂ ಏನ್ರೀ ವ್ಯತ್ಯಾಸ?"

ಡಿಗ್ರಿಯನ್ನು ಬದಿಗಿಟ್ಟು, ಕೇಳಿದವರಿಗೂ ಹೇಳದಿದ್ದುದನ್ನು ಹೇಳಿದೆ.

"ನಮ್ಮಪ್ಪ ಮದುವೆ ಮನೆಗಳಲ್ಲಿ ವಾಲಗ ಊದ್ತಿದ್ರು ಸರ್. ಬೀಗರಿಗಿಂತ ಮುಂಚೆ ಅವರಿಗೆ ತಿಂಡಿ ಹಾಕೋರು. ಅಡುಗೆಮನೆ ಹಿಂದ್ಗಡೆ ಕೂರಿಸಿ. ಮರ್ಯಾದೆಗಲ್ಲ, ಮುಹೂರ್ತಕ್ಕೆ ಊದ್ಬೇಕಲ್ಲ ಅಂತ."

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸ ಹೋಗುವ ಸರದಿ ನನ್ನದೇ ಇರಬಹುದು ಅಂದುಕೊಂಡೆ.

"ನನ್ ಮಗಳ ಮದುವೇಲಿ ಅದೊಂದು ಮರ್ತೇಬಿಟ್ವಿ ಕಣ್ರೀ," ಎಂದರು. "ತಾಳಿ ಕಟ್ಟೋ ಹೊತ್ಗೆ ಗಟ್ಟಿಮೇಳ ಅಂತ ಕೂಗಿದ್ರೆ, ವಾಲಗದವರೆಲ್ಲ ಎದುರುಗಡೆ ಹೋಟ್ಲಲ್ಲಿ ಇಡ್ಲಿ ತಿಂತಾವ್ರೆ."

ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಮಾಡಿ. ಆದ್ರೆ ಸ್ಕ್ರೀನ್ ಮೇಲೆ ನಮ್ಮ ಹೆಸರುಗಳೇ ಮೇಲಿರ್ಲಿ."

ಹಾಗೇ ಮಾಡಿದೆ. ಪಟ್ಟಿಯಲ್ಲಿ ಡೈರೆಕ್ಟರುಗಳು ಮೊದಲು, ಗೋಡೌನ್ ಕೊನೆಗೆ. ಪಕ್ಕದ ಅಂಕಣದಲ್ಲಿ ಮಾತ್ರ ಗೋಡೌನಿಗೆ ಒಂದನೇ ನಂಬರು. ಆ ಅಂಕಣವನ್ನು ಸರ್ವರ್ ಬಿಟ್ಟು ಯಾರೂ ಓದುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಅವಳ ಫೋನ್ ಬಂತು. ಇವತ್ತೂ ಲಾರಿ ನಿಂತಿತೇ ಎಂದುಕೊಂಡು ಎತ್ತಿದೆ.

"ಸರ, ಲಿಸ್ಟ್ ಭಾಳ ಲಗೂನ ಬಂತ್ರೀ. ನಿನ್ನೀದೇ ಇರಬೇಕಂತ ಹರಿದು ಒಗದೆ. ಇನ್ನೊಂದ್ಸಲ ಕಳಸ್ತೀರೇನು?"

ಕಳಿಸಿದೆ. ಅವಳು ಫೋನ್ ಇಡುವ ಮೊದಲೇ ಅದೂ ಬಂತು. ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟವು.