ಹಳೆಯ ಕಾರಿಗೆ ಒಂದು ನಿಂಬೆಹಣ್ಣು

ವಿದೇಶದ ಕ್ರೇಗಿಬರ್ನ್ ಊರಿನಲ್ಲಿ ನನ್ನ ತಂಗಿಯ ಪಕ್ಕದ ಮನೆಯ ವೃದ್ಧರು ಜಾನ್. ತಮ್ಮ ಫ್ರೆಂಚ್ ಕಾರನ್ನು ತೋರಿಸಿದರು. ಯಾರೋ ಅಪ್ಪ ಮಕ್ಕಳು ತಮ್ಮ ಹಿತ್ತಲ ಶೆಡ್ಡಿನಲ್ಲಿ ಶುರುಮಾಡಿದ ಕಂಪನಿಯ ಮೊದಲ ಕಾರುಗಳಲ್ಲಿ ಒಂದಂತೆ. ಸ್ಟಾರ್ಟ್ ಮಾಡುವ ಹ್ಯಾಂಡಲ್ ತರಲು ಅವರು ಒಳಹೋದರು.

"ಅಣ್ಣಾ, ಇವತ್ತು ಆಯುಧಪೂಜೆ ಅಲ್ವಾ, ಇದಕ್ಕೂ ಒಂದು ನಿಂಬೆಹಣ್ಣು ಇಟ್ಬಿಡು. ದೃಷ್ಟಿ ಆಗತ್ತೆ!" ಎಂದಳು ತಂಗಿ.

ಚಕ್ರಕ್ಕೆ ಮರದ ತುಂಡು ಅಡ್ಡವಿತ್ತು. ಯಾಕೆಂದು ಯೋಚಿಸದೆ ಅದನ್ನು ತೆಗೆದು ನಿಂಬೆಹಣ್ಣಿಟ್ಟೆ.

ಜಾನ್ ಬಂದು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ್ದೇ ತಡ, ಕಾರು ಇಳಿಜಾರಿನಲ್ಲಿ ಅವರ ಕಡೆಗೇ ಉರುಳಿತು. ಕಾರಿಗೂ ಹಿಂದಿನ ಗೋಡೆಗೂ ನಡುವೆ ಸಿಕ್ಕಿಕೊಳ್ಳಲು ಗೇಣು ಉಳಿದಿದ್ದಾಗ ಪಕ್ಕಕ್ಕೆ ಬಿದ್ದರು. ಕಣ್ಣು ಮುಚ್ಚಿದರೆ ಈಗಲೂ ಆ ಗೇಣೇ ಕಾಣುತ್ತದೆ.

"ಮರ ಇಡೋದನ್ನೇ ಮರೆತೆನಲ್ಲ," ಎಂದು ಇಂಗ್ಲಿಷಿನಲ್ಲಿ ಗೊಣಗಿದರು.

"ಮರೆವು ಬಂದವರಿಗೆ ಕಾರು ಬೇಡ. ಮಾರಿಬಿಡೋಣ," ಎಂದರು ಓಡಿಬಂದ ಅವರ ಹೆಂಡತಿ. ಜಾನ್ ಒಪ್ಪಿ ತಲೆಯಾಡಿಸಿದರು.

ತಂಗಿ ನನ್ನ ಮುಖ ನೋಡಿದಳು. ನಾನು ಜಾನ್‌ಗೆ ನೀರು ತಂದುಕೊಟ್ಟೆ, ಅಷ್ಟೇ.