ಸೋದರತ್ತೆಯನ್ನು ಬಾಗಿಲಲ್ಲಿ ನಿಲ್ಲಿಸಿದ್ದು

ಗಂಡನ ಅಕ್ಕನನ್ನು ನಾನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದು ನಿಜ. ಅದೂ ನನ್ನ ಕೂಸಿಗೆ ಹೆಸರಿಡಲೆಂದು ಬಂದವಳನ್ನು. ಈಗಲೂ ಮದುವೆ ಮನೆಗಳಲ್ಲಿ ಬಳಗದವರು ಸಿಕ್ಕರೆ ಆ ಮಾತು ಎತ್ತುತ್ತಾರೆ. ಎತ್ತಲಿ, ಯಾರು ಬೇಡ ಅಂದರು? ಮಾಡಿದ್ದನ್ನು ಮಾಡಿಲ್ಲ ಅನ್ನುವ ಜಾಯಮಾನ ನನ್ನದಲ್ಲ.

ಮಗಳು ಹುಟ್ಟಿದ್ದು ಏಳು ವಾರ ಮೊದಲೇ, ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ. ಮೂರು ವಾರ ಗಾಜಿನ ಪೆಟ್ಟಿಗೆಯೊಳಗಿದ್ದಳು. ಬಸುರಿಯಾಗಿದ್ದಾಗಲೇ ನಾನು ಕೊರೊನಾ ಲಸಿಕೆಯ ಎರಡೂ ಡೋಸು ಹಾಕಿಸಿಕೊಂಡಿದ್ದೆ. ಅದರ ಬಲ ಹೊಟ್ಟೆಯಲ್ಲಿದ್ದವಳಿಗೂ ಸಿಕ್ಕಿರುತ್ತದೆ ಎಂಬ ಧೈರ್ಯವಿತ್ತು. ಮನೆಗೆ ಕಳಿಸುವ ದಿನ ಮಕ್ಕಳ ಡಾಕ್ಟರಮ್ಮ ಆ ಧೈರ್ಯವನ್ನು ಅರ್ಧಕ್ಕೆ ಇಳಿಸಿದರು.

"ತಾಯಿ ರಕ್ತದಾಗಿನ ರಕ್ಷಣಾ ಕೂಸಿಗೆ ಹೋಗೂದು ಹೆಚ್ಚಾಗಿ ಬಸುರಿನ ಕಡೀ ವಾರಗೋಳಾಗ. ಈಕಿ ಅದಕ್ಕೂ ಮೊದಲ ಹೊರಗ ಬಂದಾಳ. ಒಂದೀಟು ಸಿಕ್ಕಿರತೈತಿ, ಪೂರಾ ಅಲ್ಲ. ಇಷ್ಟು ಸಣ್ಣ ಕೂಸಿಗೆ ಕೊರೊನಾ ಲಸಿಕಿನೂ ಇಲ್ಲ. ಅದಕ್ಕ ಬಾಜುಕ ಇರೋ ದೊಡ್ಡವರು ಹಾಕಿಸ್ಕೊಂಡಿರಬೇಕು. ಕೆಮ್ಮು ಇದ್ದವರನ್ನ ಹತ್ತರ ಬಿಡಬ್ಯಾಡ್ರಿ, ಯಾರೇ ಇರಲಿ."

ಆ 'ಯಾರೇ ಇರಲಿ' ಎಂಬುದನ್ನು ಸೆರಗಿಗೆ ಗಂಟು ಹಾಕಿಕೊಂಡು ತವರುಮನೆಗೆ ಬಂದೆ. ಆಗ ಊರಲ್ಲಿ ಮೂರನೆಯ ಅಲೆ ಏಳುತ್ತಿತ್ತು. ಕೂಸು ಮಲಗಿದ್ದರೆ ಅದರ ಎದೆ ಏರುತ್ತಿದೆಯೋ ಇಲ್ಲವೋ ಎಂದು ನೋಡುತ್ತ ಕೂತಿರುತ್ತಿದ್ದೆ.

ನಮ್ಮ ಕಡೆ ಕೂಸಿನ ಹೆಸರು ಸೋದರತ್ತೆಯ ಹಕ್ಕು. ತೊಟ್ಟಿಲಿಗೆ ಹಾಕುವ ದಿನ ಅವಳು ಬಾಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, "ಕುರ್ರ್" ಎಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳು ಹೇಳದಿದ್ದರೆ ಅದು ಹೆಸರೇ ಅಲ್ಲ.

ನನ್ನ ನಾದಿನಿ ಖಾನಾಪುರದಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಾಳೆ. ದಿನಕ್ಕೆ ನೂರು ಜನ ಅವಳೆದುರು ಕೂತು ಉಂಡು, ಕೆಮ್ಮಿ, ಕೈ ತೊಳೆದು ಹೋಗುತ್ತಾರೆ. ಆದರೂ ಲಸಿಕೆ ಮಾತ್ರ ಹಾಕಿಸಿಕೊಂಡಿರಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಒಂದೇ ಉತ್ತರ.

"ದಿನಾ ಅಮೃತಬಳ್ಳಿ ಕಷಾಯ ಕುಡಿತೇನಿ. ನನ್ನ ಇಮ್ಯುನಿಟಿ ಕಲ್ಲಿನಂಗ ಐತಿ. ಮತ್ತ ಹಾಕಿಸ್ಕೊಂಡವರಿಗೇನು ಬಂದಿಲ್ಲೇನ?"

"ಖಾನಾಪುರದ ಮಳಿಯಾಗ ಛತ್ರಿ ಹಿಡದ್ರೂ ಕಾಲು ತೊಯ್ತಾವ್ರಿ ಅಕ್ಕಾರ. ಹಂಗಂತ ಛತ್ರಿ ಒಗದು ಬರ್ತೀರೇನು?"

"ಅಗಬಾಯಿ, ಮಾತಿಗೇನ ಕಡಿಮಿ ಇಲ್ಲ ನೋಡು ನಿನಗ" ಎಂದು ಫೋನಿಟ್ಟಳು.

ಕೂಸು ಮನೆಗೆ ಬಂದು ಎರಡು ವಾರಕ್ಕೆ ತೊಟ್ಟಿಲು ಇಟ್ಟುಕೊಂಡೆವು, ಮನೆಯವರಷ್ಟೇ. ನಾದಿನಿ ಇಳಕಲ್ ಸೀರೆ ಉಟ್ಟು, ಬೆಳ್ಳಿಯ ಉಡಿದಾರ ಹಿಡಿದು ರಿಕ್ಷಾ ಇಳಿದಳು. ಅಂಗಳದಲ್ಲೇ ಎರಡು ಸಲ ಕೆಮ್ಮಿದಳು. ನಾನು ಎದ್ದು ಹೋಗಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ.

"ಅಕ್ಕಾರ, ಒಳಗ ಬರಬ್ಯಾಡ್ರಿ."

"ಏನ? ಬರೇ ಗಂಟಲ ಕೆರತ ಇದು. ರಾತ್ರಿ ಮಜ್ಜಿಗಿ ಕುಡದಿದ್ದೆ."

"ಇರಬಹುದ್ರಿ. ಆದರ ಲಸಿಕಿ ಇಲ್ಲ, ಮ್ಯಾಲೆ ಕೆಮ್ಮು. ಕೂಸಿನ ಕಿವೀಗೆ ಬಾಯಿ ಹಚ್ಚಾಕ ನಾ ಬಿಡೂದಿಲ್ಲ. ಅಂಗಳದಾಗ ಕುಂದರ್ರಿ, ಫೋನಿನ್ಯಾಗ ಹೇಳ್ರಿ. ನಾ ಕೂಸಿನ ಕಿವೀಗೆ ಹಿಡಿತೇನಿ."

"ಫೋನಿನ್ಯಾಗ ಕುರ್ರ್ ಅಂದ್ರ ಅದು ಹೆಸರಲ್ಲ, ರಾಂಗ್ ನಂಬರ್!" ಎಂದವಳೇ ಅತ್ತುಬಿಟ್ಟಳು. ಉಡಿದಾರವನ್ನು ಕಟ್ಟೆಯ ಮೇಲಿಟ್ಟು ಅದೇ ರಿಕ್ಷಾ ಹತ್ತಿದಳು. ನನ್ನ ಗಂಡ ಅವಳ ಹಿಂದೆ ಗೇಟಿನವರೆಗೆ ಹೋಗಿ, ಅಲ್ಲೇ ತಲೆ ತಗ್ಗಿಸಿ ನಿಂತ. ಅವ್ವ ನನ್ನನ್ನು ವಾಚಾಮಗೋಚರ ಬೈದಳು. ಗೆದ್ದೆ ಎಂದು ನನಗೇನೂ ಅನಿಸಲಿಲ್ಲ. ಒಳಗೆ ಹೋಗಿ ತೊಟ್ಟಿಲ ಬದಿ ಕೂತೆ.

ನಾಲ್ಕು ದಿನಕ್ಕೆ ಅವಳ ಕೆಮ್ಮು ವಾಸಿಯಾಯಿತು. ಪರೀಕ್ಷೆ ಮಾಡಿಸಿದರೆ ಕೊರೊನಾ ಅಲ್ಲವೇ ಅಲ್ಲ. ಶುರುವಾದವು ನೋಡಿ ಫೋನುಗಳು! ಬೀಡಿ ಊರಿನಿಂದ, ಪಾರಿಶ್ವಾಡದಿಂದ, ಹೆಸರೇ ಗೊತ್ತಿಲ್ಲದ ಚಿಕ್ಕಮ್ಮಂದಿರಿಂದ. ಎಲ್ಲರದೂ ಒಂದೇ ರಾಗ: "ಸುಮ್ಮಸುಮ್ಮನ ಅಕೀ ಮರ್ಯಾದಿ ಕಳದಿ." ಕೊರೊನಾ ಅಲ್ಲದ ಕೆಮ್ಮೂ ಇಂಥ ಕೂಸಿನ ಉಸಿರು ಕಟ್ಟಿಸಬಲ್ಲದು ಎಂದು ಡಾಕ್ಟರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನನಗೂ ತಲೆ ಕೆಟ್ಟಿತು. "ಬಂದ ಕೆಮ್ಮಿನ ಹೆಸರು ಕೇಳಿ ಒಳಗ ಬಿಡೂವಷ್ಟು ಪುರಸೊತ್ತ ನನ್ನ ಮಗಳಿಗಿಲ್ಲ. ನಾಳೆ ಬಂದ್ರೂ ನಿಲ್ಲಸ್ತೇನಿ" ಎಂದು ಹೇಳಿ ಫೋನಿಡುತ್ತಿದ್ದೆ.

ಹೆಸರನ್ನು ನಾನೇ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಹಕ್ಕು ಕಸಿಯುವುದು ನನಗೆ ಬೇಕಿರಲಿಲ್ಲ, ನನ್ನ ಕೂಸು ಉಸಿರಾಡುತ್ತಿದ್ದರೆ ಸಾಕಿತ್ತು.

ಕೂಸಿಗೆ ಆರು ವಾರ ತುಂಬಿದ ಕೂಡಲೇ ಆ ವಯಸ್ಸಿನ ಲಸಿಕೆಗಳನ್ನು ಹಾಕಿಸಲು ಹೊರಟೆ. ಈ ಗದ್ದಲದಲ್ಲಿ ಆಸ್ಪತ್ರೆಗೆ ಯಾಕೆ, ಅಲೆ ಇಳಿಯಲಿ ಎಂದಳು ಅವ್ವ. ನಾಯಿಕೆಮ್ಮು, ಪೋಲಿಯೊ ಇವೆಲ್ಲ ಅಲೆ ಇಳಿಯುವುದನ್ನು ಕಾಯುತ್ತ ಕೂತಿರುತ್ತವೆಯೇ? ಬಿಡಲಿಲ್ಲ ನಾನು. ಅಲ್ಲಿ ನರ್ಸು ಕಾರ್ಡು ಬರೆಯುತ್ತ ಹೆಸರು ಕೇಳಿದಳು.

"ಇನ್ನೂ ಇಟ್ಟಿಲ್ರಿ. ಹೆಸರಿಡೂ ಅತ್ತಿನ ಇನ್ನೂ ಲಸಿಕಿ ಹಾಕಿಸ್ಕೊಂಡಿಲ್ಲ."

ನರ್ಸು ನಗು ತಡೆಯಲಾರದೆ ಸಿರಿಂಜನ್ನು ಕೆಳಗಿಟ್ಟಳು. ಆಮೇಲೆ ಚುಚ್ಚಿದಾಗ ಕೂಸು ಕಿಟಾರನೆ ಕಿರುಚಿತು, ನಾನೂ ಅತ್ತೆ. ಮನೆಗೆ ಬಂದು ಅವ್ವ ಇದನ್ನೆಲ್ಲ ಖಾನಾಪುರಕ್ಕೆ ಫೋನು ಮಾಡಿ ಹೇಳಿದಳು.

ಕೂಸಿಗೆ ಐದು ತಿಂಗಳು ದಾಟಿದ ಮೇಲೆ ಒಂದು ಮಧ್ಯಾಹ್ನ ನಾದಿನಿ ಬಂದಳು. ಮೂಗು ಬಾಯಿ ತುಂಬ ಮಾಸ್ಕು. ಅಂಗಳದಲ್ಲೇ ನಿಂತು ಮೊಬೈಲು ಚಾಚಿದಳು.

"ನೋಡ್ಕೋ. ಎರಡೂ ಆಗ್ಯಾವು. ಹದಿನೈದು ದಿನಾನೂ ಆತು. ಕೆಮ್ಮಿಲ್ಲ, ನೆಗಡಿ ಇಲ್ಲ. ಈಗರ ಬರ್ಲೇನ?"

ನಾನು ಮೊಬೈಲು ಇಸಿದುಕೊಂಡು ಎರಡೂ ತಾರೀಖು ನೋಡಿದೆ. ಅವಳು ದನಿ ತಗ್ಗಿಸಿದಳು.

"ಯಾರಿಗೂ ಹೇಳಬ್ಯಾಡ. ಕಷಾಯ ಗಿಷಾಯ ಎಲ್ಲಾ ನೆಪ. ಸೂಜಿ ಅಂದ್ರ ನನಗ ಸಣ್ಣಾಕಿದ್ದಾಗಿಂದ ಜೀವಾನ ಹೋಗತೈತಿ. ಹೆಸರಿಲ್ಲದ ಕೂಸು ಚುಚ್ಚಿಸ್ಕೊಂಡು ಬಂತಂತ ನಿಮ್ಮವ್ವ ಹೇಳಿದ್ಲು. ಅವತ್ತ ನನಗ ಭಾಳ ನಾಚಿಕಿ ಬಂತವ್ವಾ."

ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಅಷ್ಟು ವಾದ ಮಾಡಿದವಳು, ನಿಮಗೆ ಹೆದರಿಕೆಯೇ ಎಂದು ಒಂದು ಸಲವೂ ಕೇಳಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಬೇಸರ ಬಂತು.

"ಬರ್ರಿ ಅಕ್ಕಾರ" ಎಂದೆ.

ಕೈ ತೊಳೆದು ಬಂದಳು. ಮಗಳು ನನ್ನ ತೊಡೆಯ ಮೇಲೆ ಕೂತು ಕಾಲು ಬಡಿಯುತ್ತಿದ್ದಳು. ನಾದಿನಿ ಮಾಸ್ಕು ತೆಗೆಯದೆ ಬಾಗಿ, ಅವಳ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಿದಳು. ಕಚಗುಳಿಯಾಯಿತೋ ಏನೋ, ಮಗಳು ಎದೆ ತುಂಬ ಉಸಿರೆಳೆದುಕೊಂಡು, ಓಣಿಗೆಲ್ಲ ಕೇಳುವ ಹಾಗೆ ನಕ್ಕಳು.