ಪರ್ಸಿಮನ್ ಹಿಲ್‌ಗೆ ಸಾಲು ಎತ್ತಿಕೊಡುವ ಲವೀನಿಯಾ

ಬೆಳಿಗ್ಗೆ ಐದೂವರೆ. ನಾಟಕಮಂದಿರದ ನೆಲಮಾಳಿಗೆಯಲ್ಲಿ ಲವೀನಿಯಾ ಟ್ರೆಡ್‌ವೆಲ್ ಸಾಲಾಗಿ ತೂಗುಹಾಕಿದ ಉಡುಪುಗಳಿಗೆ ವೋಡ್ಕಾ ಚಿಮುಕಿಸುತ್ತಿದ್ದಾರೆ. ನೀರು ಬೆರೆಸಿದ ಅಗ್ಗದ ವೋಡ್ಕಾ ಹೊಡೆದು ಗಾಳಿಗೆ ಬಿಟ್ಟರೆ ಕುಣಿದವರ ಬೆವರಿನ ವಾಸನೆ ಹೋಗುತ್ತದೆ, ಮಣಿ ಹೊಲಿದ ರೇಷ್ಮೆಯನ್ನು ಒಗೆಯುವ ಗೋಜಿಲ್ಲ. ಅರವತ್ತೇಳರ ಈಕೆ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ ಸೇವಕಿ. ಜೀವಮಾನದಲ್ಲಿ ಒಂದು ಹನಿ ಮದ್ಯ ಬಾಯಿಗೆ ಹಾಕಿದವರಲ್ಲ.

“ಅಂಗಡಿಯವ್ನು ವಾರವಾರ ಎರಡು ಬಾಟ್ಲಿ ಕೊಡುವಾಗ ಕಿಸಕ್ ಅಂತಾನೆ. ‘ಸಿಸ್ಟರ್, ಪಾಸ್ಟರು ಆರಾಮಾಗಿದಾರಾ?’ ಅಂತ ಕೇಳ್ತಾನೆ. ನಗ್ಲಿ ಬಿಡು.”

‘ಪರ್ಸಿಮನ್ ಹಿಲ್’ ಅಮೆರಿಕದ ರಿಚ್ಮಂಡ್‌ನಲ್ಲಿರುವ, ಅದೇ ಹೆಸರಿನ ನಮ್ಮ ಕಪ್ಪು ಜನರ ಕೇರಿಯ ಕಥೆ ಹೇಳುವ ಸಂಗೀತ ನಾಟಕ. ಲವೀನಿಯಾರ ಬಗ್ಗೆ ಲೇಖನ ಬರೆಯಲು ಬಂದ ನಾನೂ ಅಲ್ಲೇ ಹುಟ್ಟಿದವಳು. ಶನಿವಾರ ರಾತ್ರಿಯ ಜಾಝ್, ಕ್ಷೌರದಂಗಡಿಯ ಹರಟೆ, ಕರಿದ ಮೀನಿನ ವಾಸನೆ ಎಲ್ಲವೂ ಇದ್ದ ಬೀದಿ ಅದು. ಹೆದ್ದಾರಿ ಬಂದು ಕೇರಿಯನ್ನು ಸೀಳಿಕೊಂಡು ಹೋದಾಗ ಕಣ್ಣೆತ್ತಿ ನೋಡದ ಊರು ಈಗ ಟಿಕೆಟ್ ಕೊಂಡು ಬಂದು ಅಳುತ್ತಿದೆ. ನನಗೆ ಮೈ ಉರಿಯುತ್ತದೆ. ಆದರೂ ನಾಲ್ಕು ಸಲ ನೋಡಿದ್ದೇನೆ.

ನಾಟಕದಲ್ಲಿ ನಲವತ್ತಾರು ಉಡುಪು, ಹತ್ತೊಂಬತ್ತು ಹ್ಯಾಟು. ಎಲ್ಲಕ್ಕೂ ಲವೀನಿಯಾ ಒಬ್ಬರೇ. ನಾಯಕಿಯ ಕ್ಲಬ್ಬಿನ ಗೌನು ಕಳಚಿ ಚರ್ಚಿನ ಬಿಳಿ ಉಡುಪು ತೊಡಿಸಲು ಕತ್ತಲಲ್ಲಿ ಸಿಗುವುದು ಇಪ್ಪತ್ತೆಂಟು ಸೆಕೆಂಡು. ಆ ನಾಯಕಿಯೇ ಕೊರಿಂಥಿಯಾ ಗೇನ್ಸ್. ಲವೀನಿಯಾರ ಓರಗೆಯವರು, ಚರ್ಚಿನ ಒಂದೇ ಬೆಂಚಿನಲ್ಲಿ ಹಾಡಿ ಬೆಳೆದವರು. ಹತ್ತೊಂಬತ್ತಕ್ಕೆ ಕೊರಿಂಥಿಯಾ ನ್ಯೂಯಾರ್ಕಿಗೆ ಹೋಗಿ ಹೆಸರು ಮಾಡಿದರು. ಲಕ್ವ ಹೊಡೆದ ತಾಯಿಯನ್ನು ಬಿಟ್ಟುಹೋಗಲಾರದೆ ಲವೀನಿಯಾ ಇಲ್ಲೇ ಉಳಿದು, ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದರು.

ಹೊಟ್ಟೆಕಿಚ್ಚು ಆಗುತ್ತದೆಯೇ ಎಂದು ಅಂಜುತ್ತಲೇ ಕೇಳುತ್ತೇನೆ.

“ಆಗ್ತದಾ ಅಂತ ಕೇಳ್ತೀಯಲ್ಲ ಮಗಳೇ! ಧಗಧಗ ಅಂತದೆ. ಬರ್ಕೋ, ದಪ್ಪ ಅಕ್ಷರದಲ್ಲೇ ಬರ್ಕೋ. ಅವಳ ಸೊಂಟ ನೋಡಿದ್ರೆ ಉರೀತದೆ, ಅವಳಿಗೆ ಬರೋ ಹೂವು ನೋಡಿದ್ರೆ ಉರೀತದೆ. ಈ ವಯಸ್ಸಲ್ಲೂ ಮಂಡಿ ನೋವಿಲ್ಲ ಅವಳಿಗೆ. ಅದಕ್ಕಂತೂ ದೇವರ ಹತ್ರಾನೇ ಜಗಳ ಆಡಿದೀನಿ.”

ನಮ್ಮ ಚರ್ಚಿನಲ್ಲಿ ಹಳೆಯ ಕೀರ್ತನೆಗಳಿಗೆ ಪುಸ್ತಕವಿಲ್ಲ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಸಭೆ ಅದನ್ನು ಎಳೆದೆಳೆದು ಹಾಡುತ್ತದೆ. ಸಭೆಯ ಕೊನೆಯ ದನಿ ನಿಲ್ಲುವ ತನಕ ಮುಂದಿನ ಸಾಲು ಎತ್ತುವಂತಿಲ್ಲ. ಯಾರಾದರೂ ಸತ್ತರೆ ಮಣ್ಣು ಮಾಡುವ ದಿನವೂ ಇದು ಆಗಲೇಬೇಕು. ಮೂವತ್ತು ವರ್ಷಗಳಿಂದ ಹಿಲ್‌ನಲ್ಲಿ ಈ ಕೆಲಸ ಲವೀನಿಯಾರದ್ದೇ. ನಾಟಕದ ಎರಡನೇ ಅಂಕದಲ್ಲೂ ಅಂಥದೊಂದು ಕೀರ್ತನೆಯಿದೆ. ಆ ಜಾಗ ತನಗೆ ಕೊಡಿ ಎಂದು ಲವೀನಿಯಾ ಕೇಳಿದ್ದರು. ನಿರ್ದೇಶಕರು ಅದನ್ನು ಕೊರಿಂಥಿಯಾಗೆ ಕೊಟ್ಟು, ಇವರಿಗೆ ಇಸ್ತ್ರಿಪೆಟ್ಟಿಗೆ ಕೊಟ್ಟರು.

ಮೊದಲ ಪ್ರದರ್ಶನಕ್ಕೆ ಹಿಲ್‌ನ ಮುದುಕ ಮುದುಕಿಯರೆಲ್ಲ ಭಾನುವಾರದ ಹ್ಯಾಟು ಧರಿಸಿ ಬಂದಿದ್ದರು. ಕೊರಿಂಥಿಯಾ ಸಾಲು ಎತ್ತಿದ್ದೇ ತಡ, ಇದು ನಾಟಕ ಎನ್ನುವುದನ್ನೇ ಮರೆತು ಅವರೆಲ್ಲ ಚರ್ಚಿನಲ್ಲಿ ಹಾಡುವಂತೆಯೇ ಹಾಡತೊಡಗಿದರು. ಅವರಿನ್ನೂ ಅರ್ಧ ಸಾಲಿನಲ್ಲಿದ್ದಾಗಲೇ ಕೊರಿಂಥಿಯಾ ಎರಡನೆಯದನ್ನು ಎತ್ತಿಬಿಟ್ಟರು. ತಾಲೀಮಿನಲ್ಲಿ ಜೊತೆಗಿದ್ದದ್ದು ಸಾಲನ್ನು ಬೇಗ ಮುಗಿಸುವ ಹನ್ನೆರಡು ಮಂದಿ ಎಳೆಯ ನಟರು, ಕಾಯುವ ಅಭ್ಯಾಸವೇ ತಪ್ಪಿಹೋಗಿತ್ತು. ಮೂರನೆಯ ಸಾಲಿಗೆ ವೇದಿಕೆ ಒಂದು ದಾರಿ, ಸಭೆ ಒಂದು ದಾರಿ. ಕೊರಿಂಥಿಯಾ ತೆರೆದ ಬಾಯಿ ತೆರೆದಂತೆಯೇ ನಿಂತರು.

“ನಾನು ಪರದೆ ಹಿಂದೆ ಸೈಡಲ್ಲಿದ್ದೆ, ಬಾಯಲ್ಲಿ ಹ್ಯಾಟಿನ ಪಿನ್ನು. ಬೀಳ್ಲಿ ಇವ್ಳು, ಮುಗ್ಗರಿಸಿ ಬೀಳ್ಲಿ ಅಂದ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ, ಬಲು ಖುಷಿಯಾಯ್ತು. ಅಷ್ಟರಲ್ಲಿ ನಮ್ಮ ಚರ್ಚಿನ ಹಿರಿಯಜ್ಜಿ ಮದರ್ ಹ್ಯಾಟಿಬೆಲ್ ದನಿ ಕೇಳಿಸ್ತು. ತೊಂಬತ್ತೊಂದು ವರ್ಷದ ಜೀವ, ಒಬ್ಬಳೇ ಆ ಸಾಲು ಹಿಡ್ಕೊಂಡು ಕೂತಿದ್ಲು. ಅವಳನ್ನ ಹೆಂಗೆ ನಡುನೀರಲ್ಲಿ ಬಿಡ್ಲಿ? ಪಿನ್ನು ಉಗಿದು ಸಾಲು ಎತ್ತಿದೆ.”

ಪರದೆಯ ಹಿಂದಿನಿಂದ ಬಂದ ಆ ದನಿಗೆ ಇಡೀ ಮಂದಿರ ಒಂದಾಯಿತು. ಹಾಡಿದ್ದು ವೇದಿಕೆಯ ಮೇಲಿದ್ದವರೇ ಎಂದುಕೊಂಡು ಮರುದಿನದ ಪತ್ರಿಕೆ ಕೊರಿಂಥಿಯಾರ ‘ಮಣ್ಣಿನ ಗುಣದ ಕಂಠ’ವನ್ನು ಹಾಡಿ ಹೊಗಳಿತು. ಅಂದಿನಿಂದ ಪ್ರತಿ ಪ್ರದರ್ಶನದಲ್ಲೂ ಸಾಲು ಬರುವುದು ಪರದೆಯ ಹಿಂದಿನಿಂದಲೇ. ಕಾರ್ಯಕ್ರಮದ ಹಾಳೆಯಲ್ಲಿ ಲವೀನಿಯಾರ ಹೆಸರು ಈಗಲೂ ‘ಉಡುಪು’ ಎಂಬುದರ ಮುಂದೆ ಮಾತ್ರ ಇದೆ.

ಏಳು ಗಂಟೆಗೆ ಬಾಗಿಲು ತಳ್ಳಿಕೊಂಡು ಕೊರಿಂಥಿಯಾ ಬರುತ್ತಾರೆ, ಎರಡು ಕೈಯಲ್ಲೂ ಕಾಫಿ. ನನ್ನನ್ನು ಕಂಡು ಅಳುಕುತ್ತಾರೆ, ಆದರೂ ಬಂದ ವಿಷಯ ಬಿಡುವುದಿಲ್ಲ.

“ಕಾಯೋದು ಹೆಂಗೆ ಅಂತ ಕಲಿಸೇ. ನಂದಲ್ಲದ ಚಪ್ಪಾಳೆ ತಗೊಂಡು ಸಾಕಾಗಿದೆ ನಂಗೆ.”

“ಜಿಪ್ ಎಳೀತೀನಿ, ಹ್ಯಾಟು ಕೂರಿಸ್ತೀನಿ, ನಿನ್ನ ಬೆವರು ವಾಸನೆನೂ ತೆಗೀತೀನಿ. ಅದೊಂದನ್ನ ಕೇಳ್ಬೇಡ. ಅದು ಬರ್ಬೇಕು ಅಂದ್ರೆ ನಲವತ್ತೆಂಟು ವರ್ಷ ಇಲ್ಲೇ ಇರ್ಬೇಕಿತ್ತು.”

“ಹಟ ಮಾಡ್ಬೇಡ ಲವೀನಿಯಾ. ನಿನ್ನ ಬಿಟ್ರೆ ಹಿಲ್‌ನಲ್ಲಿ ಇನ್ಯಾರಿಗೆ ಬರುತ್ತೆ ಅದು? ನಾಳೆ ನೀನು ಶವದ ಪೆಟ್ಟಿಗೇಲಿ ಮಲಗಿದಾಗ ನಿಂಗೆ ಯಾರು ಎತ್ತಿಕೊಡ್ತಾರೆ?”

ಲವೀನಿಯಾ ವೋಡ್ಕಾ ಬಾಟಲಿ ಕೆಳಗಿಡುತ್ತಾರೆ. ಈ ಪ್ರಶ್ನೆ ಅವರು ತಮ್ಮನ್ನು ತಾವೇ ಎಷ್ಟೋ ಸಲ ಕೇಳಿಕೊಂಡಿದ್ದಾರೆ ಎಂಬುದು ಮುಖದಲ್ಲೇ ಕಾಣುತ್ತದೆ. ಕಾಫಿ ತೆಗೆದುಕೊಂಡು ಒಂದು ಗುಟುಕು ಕುಡಿಯುತ್ತಾರೆ.

“ನಾನೇ ಮೊದ್ಲು ಹೋಗ್ತೀನಿ ಅಂತ ಯಾರು ಹೇಳಿದ್ದು ನಿಂಗೆ? ನೀನು ಹೋಗು. ನಿಂದನ್ನ ನಾನೇ ಎತ್ತಿಕೊಡ್ತೀನಿ. ನಿಧಾನಕ್ಕೆ. ಬಂದೋರು ಯಾರಿಗೂ ಎದ್ದು ಮನೆಗೆ ಹೋಗೋಕೆ ಮನಸ್ಸು ಬರಬಾರ್ದು, ಅಷ್ಟು ಚೆನ್ನಾಗಿ.”